ಸೂರಿಲ್ಲದ ಚರ್ಚುಗಳ ಸೀಮೆ

ಮೊದಲು ಒಂದು ಪುಟ್ಟ ಕೆತ್ತನೆಯಿಂದ ಶುರು ಮಾಡುತ್ತೇನೆ.

ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಮೇಯೋ ಅಂತ ಒಂದು ಜಿಲ್ಲೆ ಇದೆ. ಅದರ ಉತ್ತರದ ಅಂಚಿನಲ್ಲಿ ಮಾಯ್ ನದಿ ಸಮುದ್ರ ಸೇರುತ್ತದೆ. ಸೇರುವುದಕ್ಕೆ ಸ್ವಲ್ಪ ಮುಂಚೆ, ದಂಡೆಯ ಮೇಲೆ, ರಾಸರ್ಕ್ ಅನ್ನುವ ಕಡೆ ಒಂದು ಹಳೇ ಮಠ ಮತ್ತು ಚರ್ಚು. ಗೋಡೆಗಳು ಗಟ್ಟಿಯಾಗಿ ನಿಂತಿವೆ. ನಡುವೆ ಒಂದು ಸಪೂರ ಗೋಪುರ. ಸೂರು ಮಾತ್ರ ಇಲ್ಲ. ಒಳಗೆ ಹೋಗಿ ತಲೆ ಎತ್ತಿದರೆ ಬರೀ ಮೋಡ.

ಬಲಿಪೀಠ ಇದ್ದ ಕಡೆ, ಬಲಗಡೆಯ ಗೋಡೆಯೊಳಗೆ ಎರಡು ಕಲ್ಲಿನ ಬಟ್ಟಲುಗಳಿವೆ. ತಳದಲ್ಲಿ ತೂತು. ಬಲಿಪೂಜೆಯ, ಅಂದರೆ ಚರ್ಚಿನ ಮಾಸ್‌ನ, ಹೊತ್ತಿಗೆ ಗುರುಗಳು ಕೈ ತೊಳೆದ ನೀರು, ಪಾತ್ರೆ ತೊಳೆದ ನೀರು ಅದರೊಳಗಿಂದ ನೇರ ಮಣ್ಣಿಗೆ ಇಳಿಯಬೇಕು. ತೀರ್ಥದ ನೀರನ್ನು ಯಾರೂ ತುಳಿಯದ ಕಡೆ ಹಾಕಿ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದೇ ಎಚ್ಚರ. ಆ ಬಟ್ಟಲುಗಳ ಕಂಬದ ಮೇಲೆ, ಬಗ್ಗಿ ನೋಡಿದರೆ ಮಾತ್ರ ಕಾಣುವ ಹಾಗೆ, ಒಂದು ಪುಟಾಣಿ ಗೋಪುರ ಕೆತ್ತಿದ್ದಾರೆ. ದುಂಡಗೆ, ಎತ್ತರಕ್ಕೆ, ಮೇಲೆ ಶಂಕುವಿನ ಹಾಗಿರುವ ತಲೆ. ಐರ್ಲೆಂಡಿನಲ್ಲಿ ಮಾತ್ರ ಅಷ್ಟೊಂದು ಸಂಖ್ಯೆಯಲ್ಲಿ ಕಾಣುವ ಹಳೆಯ ದುಂಡು ಗೋಪುರಗಳ ಮಾದರಿ ಅದು. ಪಕ್ಕದ ಕಿಲಾಲಾ ಊರಿನಲ್ಲಿ ಅಂಥದೊಂದು ಇವತ್ತೂ ನಿಂತಿದೆ. ಕೆತ್ತಿದವನು ಅದನ್ನು ನೋಡಿಯೇ ಕೆತ್ತಿರಬೇಕು ಅಂತ ಅಲ್ಲಿನವರು ನಂಬುತ್ತಾರೆ. ನನಗೂ ಹಾಗೇ ಅನಿಸುತ್ತದೆ. ಸ್ವರ್ಗದ ದೇವದೂತರನ್ನು ಕೆತ್ತುವ ಮನುಷ್ಯ, ಅವರ ಜೊತೆಗೆ ತನ್ನೂರಿನ ಗೋಪುರವನ್ನೂ ಇಟ್ಟ.

ನಾನು ಮೇಯೋ ಜಿಲ್ಲೆಯ ಕ್ಯಾಸಲ್‌ಬಾರ್ ಊರಿನಲ್ಲಿ ನಾಲ್ಕು ವರ್ಷ ಇದ್ದೆ. ನನ್ನ ಹೆಂಡತಿಗೆ ಅಲ್ಲಿ ನರ್ಸ್ ಕೆಲಸ. ರಜೆ ಸಿಕ್ಕಿದಾಗಲೆಲ್ಲ ಇಂಥ ಜಾಗಗಳಿಗೆ ಹೋಗುತ್ತಿದ್ದೆವು. ಟಿಕೆಟ್ ಇಲ್ಲ, ಕಾವಲುಗಾರ ಇಲ್ಲ. ಗೇಟಿನ ಚಿಲಕ ತೆಗೆದು, ಹಸುಗಳ ನಡುವೆ ನಡೆದು, ಹೊರಗೆ ಬರುವಾಗ ಮತ್ತೆ ಚಿಲಕ ಹಾಕಬೇಕು, ಅಷ್ಟೆ. ನೋಡುತ್ತಾ ನೋಡುತ್ತಾ ಒಂದೇ ಪ್ರಶ್ನೆ ನನ್ನನ್ನು ಹಿಡಿಯಿತು. ಈ ಸೂರುಗಳು ಎಲ್ಲಿ ಹೋದವು? ಸೂರು ಹೋದ ಮೇಲೆ ಜನ ಏನು ಮಾಡಿದರು? ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಒಂದು ಪದದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿನ ಜನ ಇಂಥ ಎಲ್ಲ ಕಟ್ಟಡಕ್ಕೂ ಆ್ಯಬಿ ಅಂತಲೇ ಕರೆಯುತ್ತಾರೆ. ಆದರೆ ಎರಡು ಬಗೆ ಇವೆ. ಒಂದು, ಮಾಂಕ್‌ಗಳ ಮಠ. ಇವರು ಒಂದು ಕಡೆ ನೆಲೆ ನಿಂತವರು, ಮಠದ ಜಮೀನಿನ ಮೇಲೆ ಬದುಕುವವರು. ಇನ್ನೊಂದು, ಫ್ರೈಯರ್‌ಗಳದ್ದು. ಫ್ರೈಯರ್ ಅಂದರೆ ಮೂಲದಲ್ಲಿ ಸಹೋದರ ಅಂತ ಅರ್ಥ. ಸಂತ ಫ್ರಾನ್ಸಿಸ್, ಸಂತ ದೊಮಿನಿಕ್ ಇವರ ದಾರಿಯವರು. ಊರೂರು ತಿರುಗಿ, ಭಿಕ್ಷೆ ಎತ್ತಿ, ಸಂತೆಯಲ್ಲಿ ನಿಂತು ಉಪದೇಶ ಮಾಡುವವರು. ನಮ್ಮ ಜಂಗಮರನ್ನು ನೆನೆಸಿಕೊಳ್ಳಿ, ಬೇಗ ಅರ್ಥವಾಗುತ್ತದೆ. ಊರಿನವರ ಕಷ್ಟ ಸುಖ, ಸಾವು ನೋವು ಎಲ್ಲದರಲ್ಲೂ ಇವರ ಕಾಲು ಇರುತ್ತಿತ್ತು. ಮುಂದೆ ನಡೆದದ್ದಕ್ಕೆ ಇದು ಮುಖ್ಯ.

ರಾಸರ್ಕ್ ಇನ್ನೂ ವಿಶೇಷ. ಅದು ಫ್ರಾನ್ಸಿಸ್ಕನ್ನರ ಮೂರನೇ ಪಂಗಡದ್ದು. ಮೊದಲ ಪಂಗಡ ಫ್ರೈಯರ್‌ಗಳು, ಎರಡನೆಯದು ಸನ್ಯಾಸಿನಿಯರು, ಮೂರನೆಯದು ಸಂಸಾರಸ್ಥರಿಗೂ ತೆರೆದದ್ದು. ಜಾಯ್ಸ್ ಮನೆತನದವರು ಸುಮಾರು 1440ರಲ್ಲಿ ಕಟ್ಟಿಸಿದರು. ಮೇಯೋದ ಹೆಚ್ಚಿನ ಫ್ರೈಯರಿಗಳು ಅದೇ ಶತಮಾನದವು. ಆಗ ಇಂಗ್ಲೆಂಡಿನ ರಾಜನ ಮಾತು ಡಬ್ಲಿನ್ ಸುತ್ತಮುತ್ತ ಬಿಟ್ಟರೆ ಇಷ್ಟು ದೂರ ನಡೆಯುತ್ತಿರಲಿಲ್ಲ. ಪಶ್ಚಿಮದಲ್ಲಿ ಬರ್ಕ್, ಓ'ಮ್ಯಾಲಿ, ಜಾಯ್ಸ್ ಇಂಥ ಮನೆತನಗಳದ್ದೇ ಆಡಳಿತ. ಇವರಲ್ಲಿ ಕೆಲವರು ನಾರ್ಮನ್ ಮೂಲದವರು. ಆದರೆ ಎರಡು ಮೂರು ತಲೆಮಾರಿನೊಳಗೆ ಐರಿಷ್ ಭಾಷೆ ಆಡುತ್ತಾ ಐರಿಷರೇ ಆಗಿಬಿಟ್ಟಿದ್ದರು. ಅವರು ಜಾಗ ಕೊಟ್ಟರು, ಕಲ್ಲು ಕೊಟ್ಟರು, ಸತ್ತ ಮೇಲೆ ಅಲ್ಲೇ ಮಣ್ಣಾದರು.

ರಾಸರ್ಕ್‌ನಿಂದ ಸ್ವಲ್ಪ ದೂರದಲ್ಲೇ ಮಾಯ್ನ್ ಇದೆ. ಬರ್ಕ್ ಮನೆತನದವರು ಫ್ರಾನ್ಸಿಸ್ಕನ್ನರಿಗೆ ಕಟ್ಟಿಸಿಕೊಟ್ಟದ್ದು. 1462ರಲ್ಲಿ ಪ್ರತಿಷ್ಠಾಪನೆ ಆಯಿತು. ಇಲ್ಲಿ ಅಂಗಳದ ಸುತ್ತ ಕಲ್ಲಿನ ಕಮಾನುಗಳ ಸಾಲು ಇವತ್ತಿಗೂ ಇದೆ. ಆದರೆ ನಾನು ಅಲ್ಲಿಗೆ ಮತ್ತೆ ಮತ್ತೆ ಹೋಗಿದ್ದು ಬೇರೆ ಕಾರಣಕ್ಕೆ. ಚರ್ಚಿನೊಳಗೆ ಕೆಲವು ಕಡೆ ಹಳೇ ಗಾರೆ ಉಳಿದಿದೆ. ಮೊದಲ ಸಲ ಹೋದಾಗ ನನಗೆ ಏನೂ ಕಾಣಲಿಲ್ಲ. ಎರಡನೇ ಸಲ ಮೊಬೈಲ್ ಟಾರ್ಚನ್ನು ಗೋಡೆಗೆ ಅಡ್ಡಲಾಗಿ ಹಿಡಿದೆ. ಗೀರುಗಳು ಎದ್ದು ಬಂದವು. ಹಡಗುಗಳು! ಪಟದ ಕಂಬ, ಹಗ್ಗ, ದೋಣಿಯ ಹೊಟ್ಟೆ, ಎಲ್ಲ ಮೊಳೆಯಲ್ಲಿ ಗೀಚಿದ ಹಾಗೆ. ಸುಮಾರು 16ನೇ ಶತಮಾನದವು ಅಂತ ತಿಳಿದವರು ಹೇಳುತ್ತಾರೆ. ಯಾರು ಗೀಚಿದರು? ಹೆಸರಿಲ್ಲ. ಆದರೆ ಅಲ್ಲಿಂದ ಹೊರಗೆ ನಾಲ್ಕು ಹೆಜ್ಜೆ ಇಟ್ಟರೆ ಕಿಲಾಲಾ ಕೊಲ್ಲಿಯ ನೀರು ಕಾಣುತ್ತದೆ. ಅವನು ದಿನಾ ನೋಡುತ್ತಿದ್ದದ್ದನ್ನೇ ಬರೆದ ಅಲ್ವಾ?

ಈಗ ಸೂರಿನ ವಿಷಯಕ್ಕೆ ಬರೋಣ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ರೋಮಿನ ಪೋಪರ ಜೊತೆ ಸಂಬಂಧ ಕಡಿದುಕೊಂಡು, 1536ರಿಂದ ಐರ್ಲೆಂಡಿನ ಮಠಗಳನ್ನೂ ಮುಚ್ಚಿಸಲು ಶುರು ಮಾಡಿದ. ಪೂರ್ವದಲ್ಲಿ ಅದು ಬೇಗ ನಡೆಯಿತು. ಮೇಯೋದಲ್ಲಿ ಆಗಲಿಲ್ಲ. ಕಾಗದದ ಮೇಲೆ ಮುಚ್ಚಿದ ಮಠದಲ್ಲಿ ಫ್ರೈಯರ್‌ಗಳು ಎಂದಿನಂತೆ ಗಂಟೆ ಬಾರಿಸುತ್ತಿದ್ದರು. ಐವತ್ತು ವರ್ಷ ಹೀಗೇ ಹೋಯಿತು. ಆಮೇಲೆ ಎಲಿಜಬೆತ್ ರಾಣಿಯ ಕಾಲದಲ್ಲಿ ರಿಚರ್ಡ್ ಬಿಂಗಮ್ ಅನ್ನುವವನು ಕೊನಾಕ್ಟ್ ಅನ್ನುವ ಈ ಪಶ್ಚಿಮ ಪ್ರಾಂತ್ಯಕ್ಕೆ ಅಧಿಕಾರಿಯಾಗಿ ಬಂದ. 1590ರಲ್ಲಿ ಅವನು ರಾಸರ್ಕ್‌ಗೂ ಬೆಂಕಿ ಇಟ್ಟ, ಮಾಯ್ನ್‌ಗೂ ಬೆಂಕಿ ಇಟ್ಟ. ಫ್ರೈಯರ್‌ಗಳದ್ದು ಮರದ ಸೂರು. ಒಣ ಮರ ಹೊತ್ತಿಕೊಂಡರೆ ಎಷ್ಟು ಹೊತ್ತು ಬೇಕು? ಗೋಡೆ ಉಳಿಯಿತು, ಸೂರು ಹೋಯಿತು.

ಇಲ್ಲಿ ಮೇಯೋ ಬಿಟ್ಟು ಸ್ವಲ್ಪ ಉತ್ತರಕ್ಕೆ ಹೋಗುತ್ತೇನೆ, ದಯವಿಟ್ಟು ಬನ್ನಿ. ಡೊನೆಗಾಲ್ ಅನ್ನುವ ಊರಿನ ಫ್ರಾನ್ಸಿಸ್ಕನ್ ಮಠ 1601ರ ಯುದ್ಧದಲ್ಲಿ ಮದ್ದಿಗೆ ಬೆಂಕಿ ಬಿದ್ದು ಸಿಡಿದುಹೋಯಿತು. ಫ್ರೈಯರ್‌ಗಳು ಚದುರಿದರು. ಕೆಲವರು ಯೂರೋಪಿಗೆ ಹೋಗಿ, 1607ರಲ್ಲಿ ಇವತ್ತಿನ ಬೆಲ್ಜಿಯಂನ ಲೂವೆನ್ ಊರಿನಲ್ಲಿ ಐರಿಷ್ ಫ್ರಾನ್ಸಿಸ್ಕನ್ನರ ಕಾಲೇಜು ಕಟ್ಟಿದರು. ಅಲ್ಲಿಂದ ಮೀಹಾಲ್ ಓ ಕ್ಲೇರಿ ಎಂಬ ಸಹೋದರನನ್ನು ಊರಿಗೆ ಕಳಿಸಿದರು. ಕೆಲಸ ಏನು ಗೊತ್ತಾ? ನಾಶವಾಗುವ ಮುಂಚೆ ಹಳೇ ಐರಿಷ್ ಹಸ್ತಪ್ರತಿಗಳನ್ನು ಹುಡುಕಿ ನಕಲು ಮಾಡುವುದು. ಊರೂರು ಅಲೆದ. ಆಮೇಲೆ 1632ರಿಂದ 1636ರವರೆಗೆ ಡ್ರೌಸ್ ನದಿಯ ಬದಿಯಲ್ಲಿ ಕೂತು, ಇನ್ನು ಕೆಲವು ವಿದ್ವಾಂಸರ ಜೊತೆ ಐರ್ಲೆಂಡಿನ ಇತಿಹಾಸವನ್ನು ವರ್ಷ ವರ್ಷದ ಲೆಕ್ಕದಲ್ಲಿ ಬರೆದು ಮುಗಿಸಿದ. ನಾಲ್ವರು ಗುರುಗಳ ವಾರ್ಷಿಕ ದಾಖಲೆ ಅಂತ ಅದಕ್ಕೆ ಹೆಸರು. ಸೂರು ಕಳೆದುಕೊಂಡವರು ಊರಿನ ನೆನಪಿಗೆ ಒಂದು ಸೂರು ಹಾಕಿದರು. ಹಳೇ ಐರ್ಲೆಂಡಿನ ಬಗ್ಗೆ ಇವತ್ತು ಯಾರು ಏನು ಬರೆದರೂ ಆ ಗ್ರಂಥ ತೆರೆಯಲೇಬೇಕು.

ಮತ್ತೆ ಮೇಯೋಗೆ ಬರೋಣ. ಕ್ಯಾಸಲ್‌ಬಾರ್‌ನಿಂದ ಹತ್ತಿರದಲ್ಲೇ ಸ್ಟ್ರೇಡ್ ಅಂತ ಒಂದು ಸಣ್ಣ ಊರು. ಅಲ್ಲಿಯ ಮಠ ಹುಟ್ಟಿದ್ದು 13ನೇ ಶತಮಾನದಲ್ಲಿ, ಫ್ರಾನ್ಸಿಸ್ಕನ್ನರಿಗಾಗಿ. ಕಟ್ಟಿಸಿದ್ದು ಜೋರ್ಡನ್ ಡಿ ಎಕ್ಸೆಟರ್ ಮನೆತನ. ಆ ಮನೆಯ ಸೊಸೆ ಬಸಿಲಿಯಾಗೆ ಮಾತ್ರ ದೊಮಿನಿಕನ್ನರ ಮೇಲೆ ಭಕ್ತಿ. ಗಂಡ ದೊಡ್ಡ ಔತಣ ಇಟ್ಟ ದಿನ, ಇವಳ ಅಪ್ಪನೂ ಬಂದಿದ್ದ. ಎಲ್ಲರೂ ಊಟಕ್ಕೆ ಕೂತ ಮೇಲೆ, ಮಠವನ್ನು ದೊಮಿನಿಕನ್ನರಿಗೆ ಕೊಡುವವರೆಗೆ ನಾನು ಅನ್ನ ನೀರು ಮುಟ್ಟುವುದಿಲ್ಲ ಅಂದಳಂತೆ. ಹಳೇ ದೊಮಿನಿಕನ್ ದಾಖಲೆಯಲ್ಲಿ ಬರುವ ಕಥೆ ಇದು. ಗಂಡ ಒಪ್ಪಿದ. ಅವಳು ಅಷ್ಟಕ್ಕೇ ಬಿಡದೆ ರೋಮಿಗೆ ಹಣ ಕೊಟ್ಟು ಆಳು ಕಳಿಸಿ ಪೋಪರ ಒಪ್ಪಿಗೆಯನ್ನೂ ತರಿಸಿದಳು. 1252ರಲ್ಲಿ ಮಠ ದೊಮಿನಿಕನ್ನರ ಕೈಗೆ ಬಂತು. ಒಳಗೆ 15ನೇ ಶತಮಾನದ ಒಂದು ಸಮಾಧಿ ಇದೆ. ಮೇಲೆ ಕಲ್ಲನ್ನು ಜರತಾರಿಯ ಹಾಗೆ ಕೊರೆದಿದ್ದಾರೆ. ಕೆಳಗೆ ಸಾಲಾಗಿ ಮೂವರು ರಾಜರು, ಗಾಯಗಳನ್ನು ತೋರಿಸುವ ಯೇಸು, ಮಂಡಿಯೂರಿದ ಒಬ್ಬ ಮನುಷ್ಯ. ಮಳೆಗೆ ಬಿದ್ದಿದ್ದೂ ಆ ಮುಖಗಳು ಇನ್ನೂ ನಗುತ್ತಿವೆ.

ಅದೇ ಅಂಗಳದಲ್ಲಿ ಮೈಕಲ್ ಡೇವಿಟ್ ಮಣ್ಣಾಗಿದ್ದಾನೆ. ಗೇಣಿದಾರರ ಪರ ಹೋರಾಡಿದವನು. 1846ರಲ್ಲಿ, ಆಲೂಗಡ್ಡೆ ಕೊಳೆತು ಕ್ಷಾಮ ಬಿದ್ದ ಹೊತ್ತಿನಲ್ಲಿ, ಸ್ಟ್ರೇಡ್‌ನಲ್ಲೇ ಹುಟ್ಟಿದ. ನಾಲ್ಕು ವರ್ಷದ ಮಗುವಾಗಿದ್ದಾಗ ಗೇಣಿ ಕೊಡಲಾಗದೆ ಇಡೀ ಕುಟುಂಬವನ್ನು ಮನೆಯಿಂದ ಹೊರಹಾಕಿದರು. ಇವನ ಮಾತು ಇನ್ನೊಂದು ಸಲ ಬರುತ್ತದೆ, ನೆನಪಿಟ್ಟುಕೊಳ್ಳಿ.

ಈಗ ನನಗೆ ಎಲ್ಲಕ್ಕಿಂತ ಹತ್ತಿರವಾದ ಜಾಗ. ಬ್ಯಾಲಿನ್‌ಟಬರ್. ಐರಿಷ್‌ನಲ್ಲಿ ಅದರ ಅರ್ಥ ಬಾವಿಯ ಊರು. ಐರ್ಲೆಂಡಿನಲ್ಲಿ ಕ್ರೈಸ್ತ ಧರ್ಮ ಸಾರಿದ ಸಂತ ಪ್ಯಾಟ್ರಿಕ್ 5ನೇ ಶತಮಾನದಲ್ಲಿ ಆ ಬಾವಿಯ ನೀರಿನಲ್ಲಿ ಜನರಿಗೆ ದೀಕ್ಷಾಸ್ನಾನ ಕೊಟ್ಟ ಅಂತ ನಂಬಿಕೆ. ಈಗಿರುವ ಚರ್ಚನ್ನು 1216ರಲ್ಲಿ ಕೊನಾಕ್ಟ್‌ನ ರಾಜ ಕಾಹಲ್ ಕ್ರೋವ್‌ಡರ್ಗ್ ಓ'ಕಾನರ್ ಸಂತ ಅಗಸ್ಟೀನನ ನಿಯಮ ಪಾಲಿಸುವ ಅಗಸ್ಟೀನಿಯನ್ನರಿಗೆ ಕಟ್ಟಿಸಿದ. ಇದು ಫ್ರೈಯರಿ ಅಲ್ಲ, ಅದಕ್ಕೂ ಹಳೆಯ ಮಾದರಿ. ಅಲ್ಲಿನವರು ಇದಕ್ಕೆ ಸಾಯಲೊಪ್ಪದ ಆ್ಯಬಿ ಅಂತಾರೆ. ಎಂಟುನೂರು ವರ್ಷದಲ್ಲಿ ಒಮ್ಮೆಯೂ ಇಲ್ಲಿ ಬಲಿಪೂಜೆ ನಿಂತಿಲ್ಲ ಅನ್ನುವುದು ಅವರ ಹೆಮ್ಮೆ.

ಅದು ಹೇಗೆ ಸಾಧ್ಯವಾಯಿತು? ಇಲ್ಲಿ ಸೂರಿನ ಕಥೆ ಚೆನ್ನಾಗಿ ಕಾಣುತ್ತದೆ. 1653ರಲ್ಲಿ ಇಂಗ್ಲೆಂಡಿನ ಪ್ರೊಟೆಸ್ಟೆಂಟ್ ಸೇನಾನಾಯಕ ಕ್ರಾಮ್‌ವೆಲ್ ಕಡೆಯ ಸೈನಿಕರು ಬಂದು ಬೆಂಕಿ ಇಟ್ಟರು. ಜನ ಕೂರುವ ಭಾಗಕ್ಕೆ ಮರದ ಸೂರು, ಅದು ಸುಟ್ಟು ಬಿತ್ತು. ಸಹೋದರರು ಇರುತ್ತಿದ್ದ ಕೋಣೆಗಳೂ ಹೋದವು. ಆದರೆ ಬಲಿಪೀಠದ ಮೇಲಿನದು ಕಲ್ಲಿನ ಕಮಾನು ಚಾವಣಿ. ಕಲ್ಲು ಸುಡಲಿಲ್ಲ. ಹಾಗಾಗಿ ಗುರುಗಳ ತಲೆಯ ಮೇಲೆ ಸೂರು ಉಳಿಯಿತು, ಜನರ ತಲೆಯ ಮೇಲೆ ಆಕಾಶ. ಮೇಯೋದ ಮಳೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕು. ನಮ್ಮ ಮಲೆನಾಡಿನ ಹಾಗೆ ರಭಸದ ಮಳೆ ಅಲ್ಲ. ಸಣ್ಣಗೆ, ಅಡ್ಡಡ್ಡ, ಗಾಳಿ ಜೊತೆ, ವರ್ಷವಿಡೀ. ಆ ಮಳೆಯಲ್ಲಿ ಮಂಡಿಯೂರಿ ಜನ ಪೂಜೆ ಕೇಳಿದರು. ಒಂದು ವರ್ಷ ಎರಡು ವರ್ಷ ಅಲ್ಲ. ಆ ಭಾಗಕ್ಕೆ ಮತ್ತೆ ಸೂರು ಬಂದದ್ದು 1966ರಲ್ಲಿ. ಲೆಕ್ಕ ಹಾಕಿ, 313 ವರ್ಷ.

ನಡುವೆ ಪ್ರಯತ್ನ ನಡೆಯಲಿಲ್ಲ ಅಂತಲ್ಲ. 1846ರಲ್ಲಿ ದುರಸ್ತಿ ಶುರು ಮಾಡಿದರು. ಅದು ಡೇವಿಟ್ ಹುಟ್ಟಿದ ವರ್ಷ, ಕ್ಷಾಮದ ವರ್ಷ. ಕೆಲಸ ನಿಂತುಹೋಯಿತು. 1841ರ ಜನಗಣತಿಯಲ್ಲಿ ಮೇಯೋದಲ್ಲಿ ಸುಮಾರು 3 ಲಕ್ಷ 89 ಸಾವಿರ ಜನ ಇದ್ದರು. ಹತ್ತು ವರ್ಷದ ನಂತರ ಸುಮಾರು 2 ಲಕ್ಷ 74 ಸಾವಿರ. ಸತ್ತವರು ಎಷ್ಟೋ, ಹಡಗು ಹತ್ತಿದವರು ಎಷ್ಟೋ. 1889ರಲ್ಲಿ ಮತ್ತೆ ಸ್ವಲ್ಪ ಕೆಲಸ ಆಯಿತು. ಕೊನೆಗೆ 750ನೇ ವರ್ಷದ ಹಬ್ಬಕ್ಕೆ ಸೂರು ಪೂರ್ತಿಯಾಯಿತು.

ಕ್ರಾಮ್‌ವೆಲ್ ಹೋದ ಮೇಲೂ ಕಷ್ಟ ಮುಗಿಯಲಿಲ್ಲ. 1697ರ ಕಾಯ್ದೆ ಪ್ರಕಾರ ಬಿಷಪ್‌ಗಳು, ಫ್ರೈಯರ್‌ಗಳು, ಮಠದ ಸನ್ಯಾಸಿಗಳು ಎಲ್ಲರೂ 1698ರ ಮೇ 1ರೊಳಗೆ ದೇಶ ಬಿಡಬೇಕಿತ್ತು. ಆಮೇಲೆ ಬಂದ ಇನ್ನೊಂದು ಕಾಯ್ದೆಯಂತೆ ಊರಿಗೊಬ್ಬ ಪಾದ್ರಿ ಹೆಸರು ನೋಂದಾಯಿಸಿಕೊಂಡು ಇರಬಹುದಿತ್ತು, ಅಷ್ಟೆ. ಆಗ ಬೆಟ್ಟದ ಮರೆಯಲ್ಲಿ, ಹಳ್ಳದ ಬದಿಯಲ್ಲಿ ಒಂದು ಚಪ್ಪಟೆ ಬಂಡೆಯನ್ನೇ ಬಲಿಪೀಠ ಮಾಡಿಕೊಂಡು ಪೂಜೆ ನಡೆಸಿದರು. ಪೂಜೆಯ ಬಂಡೆ ಅಂತಲೇ ಐರಿಷ್‌ನಲ್ಲಿ ಅದಕ್ಕೆ ಹೆಸರು. ಒಬ್ಬ ಹುಡುಗ ಎತ್ತರದಲ್ಲಿ ಕಾವಲು ನಿಲ್ಲುತ್ತಿದ್ದ. ಪಾದ್ರಿಗಳನ್ನು ಹಿಡಿದುಕೊಟ್ಟರೆ ಬಹುಮಾನ ಇತ್ತು. ಅದನ್ನೇ ಕಸುಬು ಮಾಡಿಕೊಂಡವರೂ ಇದ್ದರು. ಮೇಯೋದಲ್ಲಿ ಅಂಥವನೊಬ್ಬನನ್ನು ಶಾನ್ ನ ಸಾಗರ್ಟ್ ಅಂತ ಕರೆಯುತ್ತಿದ್ದರು, ಪಾದ್ರಿಗಳ ಶಾನ್ ಅಂತ ಅರ್ಥ. ಕೊನೆಗೆ ಅವನ ಹೆಣ ಬಂದದ್ದೂ ಬ್ಯಾಲಿನ್‌ಟಬರ್ ಅಂಗಳಕ್ಕೇ. ಅವನ ಗೋರಿಯ ನಡುವಿನಿಂದ ಒಂದು ಮರ ಎದ್ದು ಕಲ್ಲನ್ನು ಸೀಳಿತು ಅಂತ ಕಥೆ. ನನ್ನನ್ನು ಕಾಡಿದ್ದು ಮರ ಅಲ್ಲ. ತಮ್ಮ ಗುರುಗಳನ್ನು ಬೇಟೆಯಾಡಿದವನಿಗೂ ಆ ಜನ ತಮ್ಮ ಅಂಗಳದಲ್ಲಿ ಆರಡಿ ಮಣ್ಣು ಕೊಟ್ಟರಲ್ಲ, ಅದು.

ಬ್ಯಾಲಿನ್‌ಟಬರ್‌ನಿಂದ ಒಂದು ಹಳೇ ಕಾಲುದಾರಿ ಹೊರಡುತ್ತದೆ. ಸುಮಾರು 35 ಕಿಲೋಮೀಟರ್. ಹೊಲ, ಕೆಸರು, ಕಲ್ಲುಬೇಲಿ ದಾಟಿ ಕ್ರೋ ಪ್ಯಾಟ್ರಿಕ್ ಬೆಟ್ಟಕ್ಕೆ ಹೋಗುತ್ತದೆ. 764 ಮೀಟರ್ ಎತ್ತರ. ಸಂತ ಪ್ಯಾಟ್ರಿಕ್ 40 ದಿನ ಉಪವಾಸ ಮಾಡಿದ ಜಾಗ ಅಂತ ನಂಬಿಕೆ. ಜುಲೈ ತಿಂಗಳ ಕೊನೆಯ ಭಾನುವಾರ ಸಾವಿರಾರು ಜನ ಹತ್ತುತ್ತಾರೆ, ಕೆಲವರು ಬರಿಗಾಲಲ್ಲಿ. ನಿಮಗೆ ಬೆಂಗಳೂರಿನ ಸೇಂಟ್ ಪ್ಯಾಟ್ರಿಕ್ಸ್ ಚರ್ಚ್ ಗೊತ್ತಲ್ವಾ? ದಂಡು ಪ್ರದೇಶದ ಐರಿಷ್ ಸಿಪಾಯಿಗಳಿಗಾಗಿ 19ನೇ ಶತಮಾನದಲ್ಲಿ ಕಟ್ಟಿದ್ದು. ಅದೇ ಪ್ಯಾಟ್ರಿಕ್. ಊರು ಬಿಟ್ಟು ಬಂದವರು ಸಂತನನ್ನೂ ಜೊತೆಗೆ ಕರೆದುಕೊಂಡು ಬಂದರು.

ಬೆಟ್ಟದ ಬುಡದಲ್ಲಿ, ಸಮುದ್ರಕ್ಕೆ ತಾಗಿಕೊಂಡ ಹಾಗೆ, ಮರಿಸ್ಕ್ ಫ್ರೈಯರಿ. ಓ'ಮ್ಯಾಲಿ ಮನೆತನದವರು 1457ರಲ್ಲಿ ಅಗಸ್ಟೀನಿಯನ್ ಫ್ರೈಯರ್‌ಗಳಿಗೆ ಕಟ್ಟಿಸಿದ್ದು. ಇದಕ್ಕೂ ಸೂರಿಲ್ಲ. ಪೂರ್ವದ ಕಿಟಕಿಯ ಕಲ್ಲಿನ ಕುಸುರಿ ಮಾತ್ರ ಹಾಗೇ ಇದೆ. ಎದುರಿಗೆ ಕ್ಷಾಮದ ಸ್ಮಾರಕ, 1997ರಲ್ಲಿ ನಿಲ್ಲಿಸಿದ ಕಂಚಿನ ಹಡಗು. ಅದರ ಹಗ್ಗಗಳ ಜಾಗದಲ್ಲಿ ಅಸ್ಥಿಪಂಜರಗಳು ತೇಲುತ್ತಿವೆ. ಮಾಯ್ನ್ ಗೋಡೆಯ ಹಡಗು ನೋಡಿ ಬಂದವನಿಗೆ ಈ ಹಡಗಿನ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ.

ಮೇಯೋದ ಯಾತ್ರಾಸ್ಥಳ ನಾಕ್ ಬಗ್ಗೆ ಹೇಳದಿದ್ದರೆ ನಿಮ್ಮಲ್ಲಿ ಕೆಲವರು ಬಿಡುವುದಿಲ್ಲ. ಅದು ಹಳೇ ಮಠ ಅಲ್ಲ, 1829ರಲ್ಲಿ ಕ್ಯಾಥೊಲಿಕರ ಮೇಲಿನ ಕೊನೆಯ ದೊಡ್ಡ ನಿರ್ಬಂಧಗಳು ಹೋಗುವ ಹೊತ್ತಿನ ಸಾದಾ ಹಳ್ಳಿ ಚರ್ಚು. 1879ರ ಆಗಸ್ಟ್ 21ರ ಸಂಜೆ, ಸುರಿಯುವ ಮಳೆಯಲ್ಲಿ, ಅದರ ಹಿಂಗೋಡೆಯ ಮೇಲೆ ಮಾತೆ ಮರಿಯಮ್ಮ, ಸಂತ ಜೋಸೆಫ್, ಸಂತ ಯೊವಾನ್ನ ಮತ್ತು ಬಲಿಪೀಠದ ಮೇಲೊಂದು ಕುರಿಮರಿ ಕಂಡಿತು ಅಂತ 15 ಜನ ಸಾಕ್ಷಿ ಹೇಳಿದರು. ಎಲ್ಲರೂ ಹಳ್ಳಿಯವರು, ಮಕ್ಕಳಿಂದ ಮುದುಕಿಯವರೆಗೆ. ಕಂಡವರು ಒಂದು ಮಾತೂ ಕೇಳಿಸಿಕೊಳ್ಳಲಿಲ್ಲ. ಆ ದರ್ಶನ ಪೂರ್ತಿ ಮೌನದ್ದು. ಅದಕ್ಕೆ ಐದು ದಿನ ಮುಂಚೆ, ಆಗಸ್ಟ್ 16ರಂದು, ಕ್ಯಾಸಲ್‌ಬಾರ್‌ನಲ್ಲಿ ಮೈಕಲ್ ಡೇವಿಟ್ ಮತ್ತು ಸಂಗಡಿಗರು ಮೇಯೋದ ಭೂಮಿ ಸಂಘ ಕಟ್ಟಿದ್ದರು. ಬೆಳೆ ಮತ್ತೆ ಕೆಟ್ಟಿದ್ದ ವರ್ಷ ಅದು. ಒಂದೇ ವಾರ, ಒಂದೇ ಜಿಲ್ಲೆ. ಒಂದು ಕಡೆ ನೆಲಕ್ಕಾಗಿ ಎದ್ದು ನಿಂತರು, ಇನ್ನೊಂದು ಕಡೆ ಮಳೆಯಲ್ಲಿ ಜಪಸರ ಹಿಡಿದು ನಿಂತರು. ಅದೇ ಬಡ ಗೇಣಿದಾರರೇ. ಇವೆರಡನ್ನೂ ಬೇರೆ ಬೇರೆ ಇಟ್ಟು ಮೇಯೋವನ್ನು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ ಬರಿಶೂಲ್. ನ್ಯೂಪೋರ್ಟ್ ಊರಿನ ಹತ್ತಿರ, ಸಮುದ್ರ ಒಳಗೆ ನುಗ್ಗಿ ಬರುವ ಕೊಲ್ಲಿಯ ದಂಡೆಯಲ್ಲಿದೆ. ರಿಚರ್ಡ್ ಬರ್ಕ್ ಎಂಬ ಪಾಳೆಯಗಾರ ಸುಮಾರು 1470ರಲ್ಲಿ ದೊಮಿನಿಕನ್ನರಿಗೆ ಕಟ್ಟಿಸಿದ. ಆಮೇಲೆ ಅಧಿಕಾರ ಬಿಟ್ಟು ತಾನೇ ಅಲ್ಲಿ ಹೋಗಿ ಸೇರಿಕೊಂಡ. ಪೋಪರ ಅಪ್ಪಣೆ ಇಲ್ಲದೆ ಕಟ್ಟಿದ್ದರಿಂದ ಅಲ್ಲಿದ್ದವರಿಗೆ ಬಹಿಷ್ಕಾರದ ಭಯ ಇತ್ತು. 1486ರಲ್ಲಿ ಅವರನ್ನು ಕ್ಷಮಿಸುವಂತೆ ಪೋಪರಿಂದ ಆದೇಶ ಬಂತು. 1653ರಲ್ಲಿ ಇಲ್ಲೂ ಕ್ರಾಮ್‌ವೆಲ್ ಸೈನಿಕರು ಬಂದರು. ಹೊನೋರಿಯಾ ಹೆಸರಿನ ಇಬ್ಬರು ಹೆಂಗಸರು, ದೊಮಿನಿಕನ್ನರ ಮೂರನೇ ಪಂಗಡದ ವ್ರತ ಹಿಡಿದವರು, ಓಡಿಹೋಗಿ ಅಡಗಿದರು. ಚಳಿಗಾಲ. ಒಬ್ಬಳು ಮರದ ಪೊಟರೆಯೊಳಗೆ ಸೇರಿಕೊಂಡಳು, ಮರುದಿನ ಅಲ್ಲೇ ಸೆಟೆದು ಸತ್ತಿದ್ದಳು ಅಂತ ದೊಮಿನಿಕನ್ನರು ಇವತ್ತಿಗೂ ನೆನೆಯುತ್ತಾರೆ. ಚರ್ಚಿನ ಸೂರು ಕುಸಿದದ್ದು ಅದಕ್ಕೂ ಬಹಳ ಆಮೇಲೆ, 18ನೇ ಶತಮಾನದ ಕೊನೆಯಲ್ಲಿ. ಬೆಂಕಿಯಿಂದಲ್ಲ, ನೋಡಿಕೊಳ್ಳುವವರು ಇಲ್ಲದೆ.

ಆದರೆ ಸತ್ತವರನ್ನು ಅಲ್ಲಿಗೆ ತರುವುದು ನಿಲ್ಲಲಿಲ್ಲ. ಹಳೇ ಗೋಡೆಗಳ ಪಕ್ಕದಲ್ಲೇ ಹೊಸ ಗ್ರಾನೈಟ್ ಕಲ್ಲುಗಳಿವೆ. ಒಂದು ಶನಿವಾರ ನಾವು ಹೋದಾಗ, ವಯಸ್ಸಾದವರೊಬ್ಬರು ಮಂಡಿಯೂರಿ ಕತ್ತರಿಯಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಹೆಂಡತಿಯ ಸಮಾಧಿ. ಪಕ್ಕದಲ್ಲಿ ಖಾಲಿ ಜಾಗ. ಅದರ ಹುಲ್ಲನ್ನೂ ಅಷ್ಟೇ ನೀಟಾಗಿ ಕತ್ತರಿಸಿದ್ದರು. ಅದು ಯಾರಿಗೆ ಅಂತ ನಾವು ಕೇಳಲಿಲ್ಲ. ಅವರ ಅಜ್ಜ ಮುತ್ತಜ್ಜಂದಿರೆಲ್ಲ ಅಲ್ಲೇ ಇದ್ದಾರಂತೆ. ನಾವು ಎಲ್ಲಿಯವರು ಅಂತ ವಿಚಾರಿಸಿದರು. ನನ್ನ ಹೆಂಡತಿ ಆಸ್ಪತ್ರೆಯ ಹೆಸರು ಹೇಳಿದ ತಕ್ಷಣ ಎದ್ದು ನಿಂತು ಅವಳ ಕೈ ಹಿಡಿದುಕೊಂಡರು. ಕೊನೆಯ ದಿನಗಳಲ್ಲಿ ಅವರ ಹೆಂಡತಿ ಅಲ್ಲೇ ಇದ್ದರಂತೆ.

ಹೊರಡುವಾಗ ಅವರು ಹೇಳಿದರು, ಈಗ ನೀರು ಇಳಿದಿದೆ, ಬರೀ ಕೆಸರು ಕಾಣುತ್ತದೆ, ಸಂಜೆ ಆರಕ್ಕೆ ಮತ್ತೆ ಬನ್ನಿ ಅಂತ. ನಾವು ನ್ಯೂಪೋರ್ಟ್‌ನಲ್ಲಿ ಚಹಾ ಕುಡಿದು ಆರಕ್ಕೆ ಬಂದೆವು. ಅವರು ಹೋಗಿದ್ದರು. ಕೊಲ್ಲಿ ತುಂಬಿ ನೀರು ಅಂಗಳದ ಗೋಡೆಯವರೆಗೆ ಬಂದಿತ್ತು. ಸೂರಿಲ್ಲದ ಆ ಚರ್ಚು, ಅದರ ಗೋಪುರ, ಪೂರ್ವದ ಕಿಟಕಿ, ಎಲ್ಲ ನೀರಿನಲ್ಲಿ ಅಲುಗಾಡದೆ ನಿಂತಿದ್ದವು.